ಹಿಮಾಲಯದ ಬುಡದ ಬಿರುಕು

ನಮ್ಮ ನಾಡಿನ ಅನೇಕ ಮನೆತನಗಳಲ್ಲಿ ದೇವರ ಪೆಟ್ಟಿಗೆಯೊಳಗೆ ಶಾಲಿಗ್ರಾಮಗಳಿರುವುವು. ನೇಪಾಳದ ಗಂಡಕೀನದಿಯ ಪಾತ್ರದಿಂದ ಬಂದ ಈ ಕರಿಯ ನುಣುಪುಗಲ್ಲುಗಳು ತಲೆತಲಾಂತರದಿಂದ ಪೂಜೆಗೊಳ್ಳುತ್ತ ಬಂದಿರುವುವು. ಅವುಗಳಲ್ಲಿ ಕೆಲವಕ್ಕೆ ಬಾಯಿಯಂತಹ ರಂಧ್ರವಿದ್ದು, ಒಳಗೆ ಸುರುಳಿಸುರುಳಿಯಾಗಿ ತಿರುಗಿದ ಚಕ್ರದ ಗುರುತು ಕಾಣುವುದು. ಭೂಗರ್ಭಶಾಸ್ತ್ರಜ್ಞರನ್ನು ಕೇಳಿದರೆ, ಅದು ಅಮೋನೈಟ್ ಎಂಬ ಕಡಲ ಪ್ರಾಣಿಯ ಚಿಪ್ಪಿನ ಅಚ್ಚೆಂದೂ, ಸುಮಾರು ೧೫ ಕೋಟಿ ವರ್ಷಗಳ ಹಿಂದೆ ಆ ಪ್ರಾಣಿಯು ಸಮುದ್ರತಳದ ಕೆಸರಿನಲ್ಲಿ ಹುದುಗಿ, ಕೆಸರು ಕಲ್ಲಾದಾಗ ತಾನೂ ಕಲ್ಲಾಯಿತೆಂದೂ ಹೇಳುವರು. ಭಕ್ತರ ಭಾವನೆಗೆ ಈ ಮಾತಿನಿಂದ ಯಾವ ಕುಂದೂ ಬರಬೇಕಾಗಿಲ್ಲ. ಕಲ್ಲಿನ ಮಹಿಮೆ ಬೇರೆ, ಕಲ್ಲಿನ ಚರಿತ್ರೆ ಬೇರೆ. ನಾವು ಇಲ್ಲಿ ಬರೆಯಹೊರಟಿರುವುದು ಆ ಚರಿತ್ರೆಯನ್ನು ಕುರಿತು.

ಕಡಲಿನ ಜೀವಿಯ ಅಚ್ಚು ಕಡಲಿನಿಂದ ನೂರಾರು ಮೈಲಿ ದೂರದಲ್ಲಿ, ಹನ್ನೆರಡು ಸಾವಿರ ಅಡಿ ಎತ್ತರದ ಮುಕ್ತಿನಾಥದ ಸೀಮೆಗೆ ಹೇಗೆ ಹೋಯಿತು? ಸೋಜಿಗವು ಅಲ್ಲಿಗೇ ನಿಲ್ಲುವುದಿಲ್ಲ. ೨೦೨೦ರಲ್ಲಿ ಪ್ರಕಟವಾದ ಅಳತೆಯ ಮೇರೆಗೆ ೨೯,೦೩೧ ಅಡಿ ಎತ್ತರವಿರುವ ಎವರೆಸ್ಟಿನ ನೆತ್ತಿಯ ಕಲ್ಲು ಕೂಡ ಸುಣ್ಣಕಲ್ಲೇ. ಅದರಲ್ಲಿಯೂ ಕಡಲಿನ ಪ್ರಾಣಿಗಳ ಅವಶೇಷಗಳಿರುವುವು. ಅಂದಮೇಲೆ ಲೋಕದಲ್ಲಿ ಅತ್ಯುನ್ನತವಾದ ಸ್ಥಳವು ಒಂದಾನೊಂದು ಕಾಲದಲ್ಲಿ ಸಮುದ್ರದ ತಳವಾಗಿದ್ದಿತೆಂದಾಯಿತು. ಆ ಸಮುದ್ರಕ್ಕೆ ಶಾಸ್ತ್ರಜ್ಞರು ಟೆಥಿಸ್ ಎಂದು ಹೆಸರಿಟ್ಟಿರುವರು. ಅದರ ಉತ್ತರದಲ್ಲಿ ಏಷ್ಯಾದ ನೆಲವಿದ್ದಿತು. ದಕ್ಷಿಣದಲ್ಲಿ, ಬಹು ದೂರದಲ್ಲಿ, ನಮ್ಮ ಭರತಖಂಡವಿದ್ದಿತು.

ಭೂಮಿಯ ಮೇಲ್ಪದರವು ಒಡಕಿಲ್ಲದ ಒಂದೇ ಚಿಪ್ಪಲ್ಲ. ಹಲವು ದೊಡ್ಡ ಫಲಕಗಳಾಗಿ ಒಡೆದಿರುವುದು. ಈ ಫಲಕಗಳು ತಳದ ಬಿಸಿಬಂಡೆಯ ಮೇಲೆ ಬಹು ಮೆಲ್ಲಗೆ ಸರಿಯುತ್ತಿರುವುವು. ಖಂಡಗಳು ಚಲಿಸುವುವೆಂದು ಜರ್ಮನಿಯ ವೇಗೆನರ್ ಎಂಬಾತನು ೧೯೧೨ರಲ್ಲಿ ಹೇಳಿದಾಗ ನಂಬಿದವರು ಕೊಂಚವೇ ಮಂದಿ. ೧೯೬೦ರ ದಶಕದಲ್ಲಿ ಸಮುದ್ರತಳದ ಶೋಧನೆ ನಡೆದ ಮೇಲೆ ನಂಬದವರೇ ಕೊಂಚವಾದರು. ಭರತಖಂಡವನ್ನು ಹೊತ್ತ ಫಲಕವು ಒಂದು ಕಾಲಕ್ಕೆ ವರ್ಷಕ್ಕೆ ಆರು ಅಂಗುಲದಷ್ಟು ವೇಗದಲ್ಲಿ ಉತ್ತರಕ್ಕೆ ಸಾಗಿ, ಸುಮಾರು ೫ ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಹೋಗಿ ತಾಗಿತು. ನಡುವಣ ಸಮುದ್ರ ಮುಚ್ಚಿಹೋಯಿತು. ಅದರ ತಳದ ಕೆಸರುಗಲ್ಲುಗಳು ನೆರಿಗೆ ನೆರಿಗೆಯಾಗಿ ಮಡಿಸಿಕೊಂಡು ಮೇಲೆದ್ದವು. ಆ ನೆರಿಗೆಯೇ ಹಿಮಾಲಯ. ಪಶ್ಚಿಮದ ನಂಗಾಪರ್ವತದಿಂದ ಪೂರ್ವದಲ್ಲಿ ಬ್ರಹ್ಮಪುತ್ರೆಯ ತಿರುವಿನ ವರೆಗೆ ಅದರ ಉದ್ದವು ಸುಮಾರು ೧,೫೦೦ ಮೈಲಿ.

ತಾಗಿದ ಮೇಲೆ ಪಯಣ ಮುಗಿಯಬೇಕಾಗಿದ್ದಿತಲ್ಲವೇ? ಮುಗಿಯಲಿಲ್ಲ. ಇಂದಿಗೂ ನಮ್ಮ ಫಲಕವು ವರ್ಷಕ್ಕೆ ಸುಮಾರು ಎರಡಂಗುಲದಂತೆ ಉತ್ತರಕ್ಕೆ ನೂಕುತ್ತಲೇ ಇರುವುದು. ಆ ನೂಕಿನಲ್ಲಿ ಬಹುಭಾಗವನ್ನು ಟಿಬೆಟ್ಟೂ ಅದರಾಚೆಯ ನಾಡುಗಳೂ ತಾಳಿಕೊಂಡರೆ, ಮುಕ್ಕಾಲಂಗುಲದಷ್ಟನ್ನು ಹಿಮಾಲಯವೊಂದೇ ತಾಳುತ್ತಿದೆ. ಬಿತ್ತನೆಯಿಂದ ಸುಗ್ಗಿಯವರೆಗಿನ ನಾಲ್ಕು ತಿಂಗಳಲ್ಲಿ ಒಂದು ಕಡಲೆಕಾಳಿನ ಅಗಲದಷ್ಟು! ಇದೇನು ಮಹಾ ಎನ್ನಿಸುವುದು ಸಹಜ. ಆದರೆ ನೂಕುತ್ತಿರುವುದು ಒಂದು ಖಂಡ, ನೂಕಿಸಿಕೊಳ್ಳುತ್ತಿರುವುದು ಇನ್ನೊಂದು. ನಮ್ಮ ಧಾರವಾಡ, ಚಿತ್ರದುರ್ಗ, ಮೈಸೂರುಗಳ ಕೆಳಗಿರುವ ಬಂಡೆಯೂ ಇದೇ ಫಲಕದ್ದು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ, ಲೋಕದ ಅತಿ ಪುರಾತನ ಶಿಲೆಗಳಲ್ಲಿ ಎಣಿಕೆಗೊಂಡ ಈ ಗಟ್ಟಿ ನೆಲವೇ ಉತ್ತರದಲ್ಲಿ ಗಂಗೆಯ ಬಯಲಿನ ಮಣ್ಣಿನಡಿಯಲ್ಲಿ ಬಾಗಿ, ಹಿಮಾಲಯದ ಕೆಳಕ್ಕೆ ನುಗ್ಗುತ್ತಿರುವ ನೆಲದ ಮುಂದುವರಿಕೆ. ಆದಕಾರಣ ಹಿಮಾಲಯದ ಸಮಾಚಾರವು ನಮಗೆ ತೀರ ಪರರ ಸಮಾಚಾರವೇನೂ ಅಲ್ಲ.

ಪರ್ವತವು ತೋರುವಷ್ಟೇ ಅಲ್ಲ, ಅದಕ್ಕೆ ಬೇರೂ ಉಂಟೆಂಬುದು ತಿಳಿದ ಬಗೆ ವಿನೋದವಾಗಿದೆ. ೧೮೦೨ರಲ್ಲಿ ಲ್ಯಾಂಬ್ಟನ್ ಎಂಬ ದೊರೆಯು ಮದರಾಸಿನಲ್ಲಿ ಮೊದಲುಮಾಡಿ, ಬೆಂಗಳೂರಿನ ಬಳಿ ತಾಳೆನೋಡಿ ಸಾಗಿಸಿದ ಮಹಾಮೋಜಣಿಯು ಮುಂದೆ ಎವರೆಸ್ಟ್ ದೊರೆಯ ಕಾಲದಲ್ಲಿ ಹಿಮಾಲಯದ ತಪ್ಪಲನ್ನು ಮುಟ್ಟಿತು. ಅಷ್ಟು ದೊಡ್ಡ ಬೆಟ್ಟವು ಪಕ್ಕದಲ್ಲಿರುವಾಗ ತೂಗುಗುಂಡಿನ ದಾರವು ಅದರ ಸೆಳೆತಕ್ಕೆ ಓರೆಯಾಗತಕ್ಕದ್ದು. ಎಷ್ಟು ಓರೆಯಾಗಬೇಕೆಂದು ಕಲ್ಕತ್ತೆಯ ಪ್ರ್ಯಾಟ್ ಎಂಬ ಪಾದ್ರಿಯು ಲೆಕ್ಕ ಹಾಕಿದರೆ, ಉತ್ತರದ ಠಾಣೆಗೂ ದಕ್ಷಿಣದ ಠಾಣೆಗೂ ನಡುವೆ ಹದಿನೈದು ವಿಕಲೆಗಿಂತ ಹೆಚ್ಚು ವ್ಯತ್ಯಾಸ ಬಂದಿತು. ಮೋಜಣಿಯಲ್ಲಿ ಕಂಡಿದ್ದುದು ಐದು ವಿಕಲೆ ಮಾತ್ರ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಬೆಟ್ಟದ ಅಡಿಯಲ್ಲಿ ಹಗುರಾದ ಶಿಲೆಯ ಬೇರು ಆಳಕ್ಕೆ ಇಳಿದಿರುವುದೆಂದೂ, ಸೆಳೆತವು ಅದರಿಂದ ಕಡಮೆಯಾಗಿರುವುದೆಂದೂ ಇಂಗ್ಲೆಂಡಿನ ಏರಿ ಎಂಬ ಜ್ಯೋತಿಷ್ಯಜ್ಞನು ೧೮೫೫ರಲ್ಲಿ ಸೂಚಿಸಿದನು. ಒಂದು ದಾರ ಮತ್ತು ಒಂದು ಗುಂಡಿನಿಂದ ಮೈಲಿಗಟ್ಟಲೆ ಆಳದ ಸಂಗತಿ ಹೊರಬಿದ್ದಿತು!

ಇನ್ನು ಬಿರುಕಿನ ವಿಷಯ. ಶಿಲೆಯ ಪದರಗಳು ಮುರಿದು, ಮುರಿದ ಎರಡು ಭಾಗಗಳು ಒಂದನ್ನೊಂದು ಒರಸಿಕೊಂಡು ಸರಿದಿದ್ದರೆ ಅದನ್ನು ಸ್ತರಭಂಗವೆನ್ನುವರು. ಹಿಮಾಲಯದಲ್ಲಿ ಇಂತಹ ದೊಡ್ಡ ಸ್ತರಭಂಗಗಳು ಮೂರು, ಬೆಟ್ಟದ ಉದ್ದಕ್ಕೂ ಒಂದರ ಹಿಂದೊಂದು ಹಬ್ಬಿರುವುವು. ಬದರಿಯ ಯಾತ್ರೆ ಮಾಡಿ ಬಂದ ವಾಚಕರು ಅರಿಯದೆಯೇ ಈ ಮೂರನ್ನೂ ದಾಟಿರುವರು. ಹರಿದ್ವಾರದಲ್ಲಿ ಗಂಗೆಯು ಸೀಳಿಕೊಂಡು ಹೊರಬರುವ ಸಣ್ಣ ಬೆಟ್ಟಗಳು ಶಿವಾಲಿಕ ಶ್ರೇಣಿಗೆ ಸೇರಿದುವು. ಇವು ಹಿಮಾಲಯದಿಂದಲೇ ಕೊಚ್ಚಿಬಂದ ಮರಳೂ ಉರುಟುಗಲ್ಲೂ ಗಟ್ಟಿಯಾಗಿ ಆದ ಬೆಟ್ಟಗಳು. ಇವುಗಳ ತೆಂಕಣ ಬುಡದಲ್ಲಿ, ಬಯಲೂ ಬೆಟ್ಟವೂ ಕೂಡುವೆಡೆಯಲ್ಲಿ, ಮುಂಗಡೆಯ ಸ್ತರಭಂಗವಿದೆ. ಹೃಷೀಕೇಶದ ಬಳಿಯಲ್ಲಿ ಎರಡನೆಯದು; ಇದಕ್ಕೆ ಎಲ್ಲೆಯ ಸ್ತರಭಂಗವೆಂದು ಹೆಸರು. ಅಲ್ಲಿಂದ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗಗಳನ್ನು ಕಳೆದು, ಜೋಶಿಮಠಕ್ಕೆ ಸ್ವಲ್ಪ ಈಚೆಗಿರುವ ಹೇಳಂಗ್ ಎಂಬಲ್ಲಿ ಮೂರನೆಯದಾದ ನಡುವಣ ಸ್ತರಭಂಗವನ್ನು ದಾರಿಯು ದಾಟುವುದು. ಅಲ್ಲಿಂದ ಮುಂದಕ್ಕೆ ಕಣಿವೆ ಕಡಿದಾಗುವುದು, ಕಲ್ಲಿನ ಬಣ್ಣ ಬದಲಾಗುವುದು. ಗೌರೀಕುಂಡ, ತಪೋವನ ಮೊದಲಾದ ಬಿಸಿನೀರಿನ ಬುಗ್ಗೆಗಳೂ ಈ ನಡುವಣ ಸ್ತರಭಂಗದ ನೆರೆಯಲ್ಲಿಯೇ ಇರುವುವು. ಆಳಕ್ಕಿಳಿದ ನೀರು ಕಾದು, ಒಡೆದ ಬಂಡೆಯ ಸಂದುಗಳಿಂದ ಮೇಲಕ್ಕೆ ಬರಲು ದಾರಿ ದೊರಕಿದೆ.

ಈ ಮೂರರಲ್ಲಿಯೂ ಒಂದು ಲಕ್ಷಣ ಸಮಾನವಾಗಿದೆ. ಸಾಮಾನ್ಯವಾಗಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಒಟ್ಟಿದ ಕಾಗದಗಳಲ್ಲಿ ಮೊದಲು ಇಟ್ಟದ್ದು ಅಡಿಯಲ್ಲಿರುವಂತೆ. ಇಲ್ಲಿಯಾದರೋ ಹಳೆಯ ಶಿಲೆಯು ಹೊಸ ಶಿಲೆಯ ಮೇಲೆ ಏರಿ ಕುಳಿತಿದೆ. ಉತ್ತರದ ಭಾಗವು ದಕ್ಷಿಣದ ಭಾಗದ ಮೇಲೆ ಹತ್ತಿಬಂದ ಗುರುತು ಇದು. ನೆಲದ ಮೇಲೆ ಮೂರಾಗಿ ಕಾಣುವ ಈ ಬಿರುಕುಗಳು ಆಳದಲ್ಲಿ ಒಂದುಗೂಡಿ, ಉತ್ತರದ ಕಡೆಗೆ ಮೆಲ್ಲನೆ ಇಳಿಯುವ ಒಂದೇ ಮಹಾಭಂಗವಾಗುವುವು. ಹೊದಿಕೆಯ ಕೆಳಗೆ ಹಾಸಿಗೆಯಿದ್ದಂತೆ ಇದರ ಮೇಲೆ ಹಿಮಾಲಯ, ಕೆಳಗೆ ಭರತಖಂಡದ ಬಂಡೆ. ಹಿಂದಣ ಎರಡು ಭಂಗಗಳು ಈಗ ಬಹುಮಟ್ಟಿಗೆ ಸುಮ್ಮನಾಗಿದ್ದು, ಮುಂಗಡೆಯದೇ ಇಂದಿನ ದಿನ ಕೆಲಸ ಮಾಡುತ್ತಿರುವುದೆಂದು ಬಲ್ಲವರ ಅಭಿಪ್ರಾಯ.

ಮುಂಗಾರಿನಲ್ಲಿ ನೀರು ಕುಡಿದು ಉಬ್ಬಿದ ಮರದ ಬಾಗಿಲನ್ನು ವಾಚಕರು ನೂಕಿ ನೋಡಿರಬಹುದು. ಕೈಯಿಂದ ನೂಕಿದರೆ ಅಲುಗದು. ಭುಜ ಕೊಟ್ಟರೆ ಹಲಗೆ ತುಸು ಬಾಗುವುದೇ ಹೊರತು ಚೌಕಟ್ಟನ್ನು ಬಿಡದು. ಇನ್ನಷ್ಟು ಒತ್ತಿದಾಗ, ಯಾವ ಕ್ಷಣವೆಂದು ಹೇಳಲಾಗದಂತೆ, ಧಡಕ್ಕನೆ ತೆರೆದು ಗೋಡೆಗೆ ಬಡಿಯುವುದು. ಮಹಾಭಂಗದ ನಡೆಯೂ ಹೀಗೆಯೇ. ಆಳದಲ್ಲಿ, ಬಂಡೆಯು ಬಿಸಿಯಿಂದ ಮೆತ್ತಗಾಗಿರುವೆಡೆಯಲ್ಲಿ, ಎರಡು ಭಾಗಗಳೂ ಸದ್ದಿಲ್ಲದೆ ಸರಿಯುತ್ತಿರುವುವು. ಮೇಲ್ಭಾಗದಲ್ಲಿ, ಸುಮಾರು ಅರುವತ್ತು ಮೈಲಿ ಅಗಲದ ಪಟ್ಟೆಯಲ್ಲಿ, ಅವು ಒಂದಕ್ಕೊಂದು ಕಚ್ಚಿಕೊಂಡಿರುವುವು. ಹಿಂದಿನಿಂದ ನೂಕು ಬರುತ್ತಿರುವಾಗ ಕಚ್ಚಿಕೊಂಡ ಭಾಗವು ಬಾಗುತ್ತ, ಬಿಗಿಯುತ್ತ ಹೋಗುವುದು. ನೂರು ವರ್ಷಕ್ಕೆ ಆರಡಿಯಷ್ಟು ಸರಿಯಬೇಕಾದ ಸಾಲವು ಏರುವುದು. ಒಂದು ದಿನ ಕಚ್ಚು ಬಿಟ್ಟು, ನೂರಾರು ವರ್ಷಗಳ ಸಾಲವೆಲ್ಲವೂ ಒಂದೆರಡು ನಿಮಿಷಗಳಲ್ಲಿ ತೀರುವುದು. ಆಗ ಏಳುವ ಅಲೆಗಳೇ ಭೂಕಂಪ. ಬಾಗಿ ಬಿಗಿದ ಬಂಡೆ ಮರಳಿ ನೆಟ್ಟಗಾಗುವುದೇ ಕಂಪಕ್ಕೆ ಕಾರಣವೆಂಬುದನ್ನು ಅಮೆರಿಕೆಯ ರೀಡ್ ಎಂಬ ಪಂಡಿತನು ೧೯೦೬ರ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪವನ್ನು ಅಭ್ಯಸಿಸಿ ೧೯೧೦ರಲ್ಲಿ ನಿರೂಪಿಸಿದನು.

ಕಳೆದ ನೂರಿಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಈ ಬಾಗಿಲು ಹಲವು ಕಡೆ ತೆರೆದಿದೆ. ೧೮೯೭ರ ಜೂನ್ ೧೨ರ ಸಂಜೆ ಶಿಲ್ಲಾಂಗ್ ಪ್ರಸ್ಥಭೂಮಿಯಲ್ಲಿ ಆದ ಮಹಾಕಂಪವು ಹಿಮಾಲಯದ ಬಿರುಕಿನದಲ್ಲ, ಅದರ ಮುಂದಿರುವ ನೆಲದ್ದು. ಆದರೂ ಅದನ್ನು ಬಿಟ್ಟು ಮುಂದುವರಿಯುವಂತಿಲ್ಲ. ಭಾರತದ ಭೂಗರ್ಭ ಇಲಾಖೆಯ ಓಲ್ಡ್‌ಹ್ಯಾಂ ಎಂಬಾತನು ಊರೂರು ಅಲೆದು ಅದರ ವರದಿಯನ್ನು ಬರೆದನು. ನೆಲದಲ್ಲಿ ಹೂತಿದ್ದ ಗುಂಡುಕಲ್ಲುಗಳು ತಮ್ಮ ಕುಣಿಯ ಅಂಚನ್ನು ಕೂಡ ಸವರದೆ ಮೇಲಕ್ಕೆ ಹಾರಿ ಬಿದ್ದಿದ್ದುದನ್ನು ಆತನು ಕಂಡನು. ಅದೇ ಕಂಪದ ಅಲೆಗಳನ್ನು ಯೂರೋಪಿನ ಯಂತ್ರಗಳು ಬರೆದುಕೊಂಡಿದ್ದುವು. ಅವುಗಳನ್ನು ಪರಿಶೀಲಿಸಿ, ಕಂಪದ ಅಲೆಗಳಲ್ಲಿ ಬೇಗನೆ ಬರುವುದು, ನಿಧಾನವಾಗಿ ಬರುವುದು, ನೆಲದ ಮೈಮೇಲೆಯೇ ಹರಿಯುವುದು ಎಂದು ಮೂರು ವಿಧವುಂಟೆಂದು ತೋರಿಸಿದನು. ಅದೇ ದಾರಿಯಲ್ಲಿ ಮುಂದುವರಿದು, ಭೂಮಿಯ ನಡುವೆ ಬೇರೊಂದು ವಸ್ತುವಿನ ತಿರುಳಿದೆಯೆಂದು ೧೯೦೬ರಲ್ಲಿ ಸಾಧಿಸಿದನು. ಅಸ್ಸಾಮಿನ ಗುಡ್ಡಗಾಡು ನಡುಗಿದ್ದರಿಂದ ಭೂಗರ್ಭದ ತಿರುಳು ತಿಳಿದಂತಾಯಿತು.

೧೯೦೫ರ ಏಪ್ರಿಲ್ ೪ರ ಬೆಳಗ್ಗೆ, ಆರು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ, ಪಂಜಾಬಿನ ಕಾಂಗಡಾ ಕಣಿವೆ ನಡುಗಿತು. ಜನರಿನ್ನೂ ಮನೆಯೊಳಗಿದ್ದ ಹೊತ್ತು. ಕಲ್ಲನ್ನೂ ಮಣ್ಣನ್ನೂ ಒಟ್ಟಿ, ಮೇಲೆ ಭಾರವಾದ ಚಪ್ಪಡಿಯ ಮಾಡು ಹೊದಿಸಿದ ಮನೆಗಳು ಕುಸಿದುವು. ಸುಮಾರು ಇಪ್ಪತ್ತು ಸಾವಿರ ಮಂದಿ ಮಡಿದರು. ಕಾಂಗಡೆಯ ಪ್ರಸಿದ್ಧವಾದ ವಜ್ರೇಶ್ವರಿಯ ದೇಗುಲವೂ ಹಳೆಯ ಕೋಟೆಯೂ ಹಾಳಾದುವು; ಅದೇ ಕಣಿವೆಯ ಬೈಜನಾಥ ದೇಗುಲವು ಅಲ್ಪಸ್ವಲ್ಪ ಏಟಿನೊಡನೆ ಉಳಿದುಕೊಂಡಿತು.

೧೯೩೪ರ ಜನವರಿ ೧೫. ಸಂಕ್ರಾಂತಿ ಕಳೆದ ಮಾರನೆಯ ದಿನ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಹದಿಮೂರು ನಿಮಿಷವಾಗಿದ್ದಿತು. ಎವರೆಸ್ಟಿನ ತೆಂಕಲಿಗೆ, ಪೂರ್ವ ನೇಪಾಳದ ಅಡಿಯಲ್ಲಿ, ಮಹಾಭಂಗದ ಕಚ್ಚು ಬಿಟ್ಟಿತು. ಕಂಪದ ಪ್ರಮಾಣ ಎಂಟರಷ್ಟಿದ್ದಿತು. ನೇಪಾಳದಲ್ಲಿಯೂ ಬಿಹಾರದಲ್ಲಿಯೂ ಸೇರಿ ಹತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಸತ್ತರು. ಹಗಲುಹೊತ್ತಾಗಿದ್ದು ಬಹು ಜನ ಹೊರಗಿದ್ದುದರಿಂದ ಅಷ್ಟಕ್ಕೆ ನಿಂತಿತು. ಗಂಗೆಯ ದಡದ ಮುಂಗೇರ್ ಪಟ್ಟಣದ ಪೇಟೆ ನೆಲಸಮವಾಯಿತು. ಆದರೆ ಅತಿ ವಿಚಿತ್ರವಾದುದು ನಡೆದದ್ದು ಮೋತಿಹಾರಿಯಿಂದ ಸೀತಾಮಢಿಯ ಮೇಲೆ ಪೂರ್ಣಿಯಾದವರೆಗಿನ ಬಯಲಿನಲ್ಲಿ. ಸುಮಾರು ಇನ್ನೂರು ಮೈಲಿ ಉದ್ದದ ಆ ಪಟ್ಟೆಯಲ್ಲಿ ಮನೆಗಳು ಬೀಳಲಿಲ್ಲ, ಮುಳುಗಿದುವು! ಮಣ್ಣು ನೀರಾದಂತೆ ಗೋಡೆಗಳು ಓರೆಯಾಗಿ ಒಳಕ್ಕಿಳಿದುವು. ರಸ್ತೆಯ, ರೈಲುದಾರಿಯ ಏರಿಗಳು ಬಯಲಿನ ಮಟ್ಟಕ್ಕೆ ಕುಗ್ಗಿದುವು. ಹೊಲಗಳಲ್ಲಿ ಬಾಯಿಬಿಟ್ಟ ಬಿಲಗಳಿಂದ ನೀರೂ ಮರಳೂ ಕಾರಂಜಿಯಂತೆ ಚಿಮ್ಮಿ ಪೈರನ್ನು ಮುಚ್ಚಿದುವು. ಬಾವಿಗಳು ಮರಳಿನಿಂದ ತುಂಬಿಹೋದುವು. ಇದಕ್ಕೆ ಕಾರಣವೇನೆಂದರೆ: ನದಿಗಳು ತಂದುಹಾಕಿದ ನಯವಾದ ಮರಳಿನ ಕಣಗಳ ಸಂದಿನಲ್ಲಿ ನೀರು ತುಂಬಿರುತ್ತದೆ. ನೆಲ ನಡುಗಿದಾಗ ಕಣಗಳು ಒತ್ತೊತ್ತಾಗಲು ಹವಣಿಸುವುವು, ನೀರಿಗೆ ತಪ್ಪಿಸಿಕೊಳ್ಳಲು ಎಡೆಯಿರುವುದಿಲ್ಲ, ಕಣಕ್ಕೆ ಕಣದ ಆಸರೆ ತಪ್ಪಿ ಗಟ್ಟಿನೆಲವೇ ಅಂಬಲಿಯಂತಾಗುವುದು. ಕಂಪ ನಿಂತ ಕೆಲವು ಹೊತ್ತಿಗೆ ಅದು ಮತ್ತೆ ಗಟ್ಟಿಯಾಗುವುದು. ಅಷ್ಟರಲ್ಲಿ ಮನೆ ಅರ್ಧ ಹೂತುಹೋಗಿರುವುದು.

ಸೆರೆಮನೆಯಲ್ಲಿದ್ದ ಬಾಬು ರಾಜೇಂದ್ರಪ್ರಸಾದರು ಬಿಡುಗಡೆಹೊಂದಿ ಬಂದು ಪರಿಹಾರದ ಕೆಲಸವನ್ನು ಕೈಕೊಂಡರು. ಹರಿಜನೋದ್ಧಾರದ ಪ್ರವಾಸದಲ್ಲಿ ಆಗ ದಕ್ಷಿಣದೇಶದಲ್ಲಿದ್ದ ಗಾಂಧಿಯವರು, ಈ ಭೂಕಂಪವು ಅಸ್ಪೃಶ್ಯತೆಯ ಪಾಪಕ್ಕೆ ದೈವವಿತ್ತ ಶಿಕ್ಷೆಯೆಂಬರ್ಥದ ಮಾತನ್ನಾಡಿದರು. ಕವಿ ರವೀಂದ್ರನಾಥ ಠಾಕೂರರು ಇದನ್ನು ಒಪ್ಪದೆ, ನಿಸರ್ಗದ ಉತ್ಪಾತಕ್ಕೆ ನಿಸರ್ಗದಲ್ಲಿಯೇ ಕಾರಣವಿರುವುದೆಂದೂ, ಮನುಷ್ಯರ ನೀತಿಗೂ ಅದಕ್ಕೂ ಗಂಟುಹಾಕಬಾರದೆಂದೂ ಬರೆದರು. ಆ ವರ್ಷದ ಫೆಬ್ರವರಿಯಲ್ಲಿ ಗಾಂಧಿಯವರ ಪ್ರವಾಸವು ಕೊಡಗು, ಮಂಗಳೂರುಗಳಿಗೂ ಬಂದಿತು. ಅದೇ ತಿಂಗಳು ಠಾಕೂರರ ಖಂಡನೆಯನ್ನು ಅವರು ತಮ್ಮ 'ಹರಿಜನ' ಪತ್ರಿಕೆಯಲ್ಲಿಯೇ ಅಚ್ಚುಹಾಕಿಸಿದರು. ಶಾಸ್ತ್ರದ ಮಟ್ಟಿಗೆ ಕವಿಯ ಪಕ್ಷವೇ ಸರಿಯೆಂಬುದರಲ್ಲಿ ನಮಗೆ ಸಂಶಯವಿಲ್ಲ. ತನ್ನನ್ನು ಖಂಡಿಸಿದ ಲೇಖನವನ್ನು ತನ್ನ ಪತ್ರಿಕೆಯಲ್ಲಿಯೇ ಪ್ರಕಟಿಸುವ ಸಂಪಾದಕರು ಇಂದು ಎಷ್ಟು ಮಂದಿ ಸಿಕ್ಕಾರು ಎಂಬುದು ಬೇರೆ ಮಾತು.

೧೯೫೦ರ ಆಗಸ್ಟ್ ೧೫, ಸ್ವಾತಂತ್ರ್ಯೋತ್ಸವದ ಸಂಜೆ ಏಳೂಮುಕ್ಕಾಲು ಗಂಟೆಯ ಹೊತ್ತಿಗೆ, ಅಸ್ಸಾಮಿಗೂ ಟಿಬೆಟ್ಟಿಗೂ ನಡುವಣ ಗಡಿಯಲ್ಲಿ ೮.೬ ಪ್ರಮಾಣದ ಕಂಪವಾಯಿತು. ಯಂತ್ರಗಳು ಬಂದ ಮೇಲೆ ನೆಲದ ಮೇಲೆ ದಾಖಲಾದ ಕಂಪಗಳಲ್ಲಿ ಇದೇ ಅತಿ ದೊಡ್ಡದೆಂದು ಎಣಿಸಿರುವರು. ಬೆಟ್ಟಗಳು ಜರಿದು ನದಿಗಳಿಗೆ ಅಡ್ಡಬಿದ್ದುವು. ಸುಬನಸಿರಿ ನದಿಗೆ ಕಟ್ಟಿಕೊಂಡ ಇಂತಹ ಮಣ್ಣಿನ ಒಡ್ಡು ಎಂಟು ದಿನಗಳ ಮೇಲೆ ಒಡೆದು, ಕಂಪದಿಂದ ಉಳಿದಿದ್ದ ಹಳ್ಳಿಗಳನ್ನು ನೀರು ಒಯ್ದಿತು. ಜರಿದ ಮಣ್ಣೆಲ್ಲ ಬ್ರಹ್ಮಪುತ್ರೆಗೆ ಸೇರಿ ಅದರ ಪಾತ್ರ ಮೇಲೆದ್ದಿತು. ಆ ನದಿಯ ಇಂದಿನ ನೆರೆಗಳ ಮಾತು ಬಂದಾಗ ಆ ಸಂಜೆಯ ಹೆಸರನ್ನು ಹೇಳದ ಇಂಜಿನಿಯರು ವಿರಳ.

೨೦೦೫ರ ಅಕ್ಟೋಬರ್ ೮ರ ಬೆಳಗ್ಗೆ ಕಾಶ್ಮೀರದ ಮುಜಫರಾಬಾದಿನ ಸೀಮೆಯಲ್ಲಿ ೭.೬ ಪ್ರಮಾಣದ ಕಂಪವಾದಾಗ ಶಾಲೆಗಳು ಆಗತಾನೆ ಮೊದಲಾಗಿದ್ದುವು. ಸತ್ತವರು ಎಪ್ಪತ್ತು ಸಾವಿರಕ್ಕೆ ಮೇಲ್ಪಟ್ಟು; ಅವರಲ್ಲಿ ಸಾವಿರಾರು ಮಂದಿ ತರಗತಿಯಲ್ಲಿ ಕುಳಿತಿದ್ದ ಮಕ್ಕಳು. ಹತ್ತು ವರ್ಷಗಳ ತರುವಾಯ, ೨೦೧೫ರ ಏಪ್ರಿಲ್ ೨೫ರಂದು, ನೇಪಾಳದಲ್ಲಿ ಸಾವಿರಾರು ಶಾಲಾಕೊಠಡಿಗಳು ಕುಸಿದುವು. ಅಂದು ಶನಿವಾರ, ನೇಪಾಳದಲ್ಲಿ ಶನಿವಾರ ರಜೆ. ಕೊಠಡಿಗಳು ಬರಿದಾಗಿದ್ದುವು. ಒಂದೇ ಬಗೆಯ ಗೋಡೆ, ಒಂದೇ ಬಗೆಯ ಮಾಡು. ವಾರದ ಹೆಸರೊಂದೇ ಬೇರೆ. ಇಷ್ಟು ದೊಡ್ಡ ವಿಷಯವನ್ನು ಪಂಚಾಂಗದ ಕೈಗೆ ಬಿಟ್ಟಿರುವುದು ಯಾವ ಸರಕಾರಕ್ಕೂ ಭೂಷಣವಲ್ಲ.

ಈ ೨೦೧೫ರ ಕಂಪವು ಶಾಸ್ತ್ರಕ್ಕೆ ಬಹಳ ಕಲಿಸಿತು. ನಡುಹಗಲಿಗೆ ನಾಲ್ಕು ನಿಮಿಷವಿರುವಾಗ ಗೋರ್ಖಾ ಜಿಲ್ಲೆಯಲ್ಲಿ ಮೊದಲಾದ ಸೀಳು ಪೂರ್ವದಿಕ್ಕಿಗೆ ಹರಿಯುತ್ತ ಒಂದು ನಿಮಿಷದೊಳಗೆ ಸುಮಾರು ತೊಂಬತ್ತು ಮೈಲಿ ಸಾಗಿತು. ಪ್ರಮಾಣ ೭.೮. ಸುಮಾರು ಒಂಬತ್ತು ಸಾವಿರ ಜನ ತೀರಿಕೊಂಡರು. ಲಾಂಗ್‌ಟಾಂಗ್ ಎಂಬ ಹಳ್ಳಿಯ ಮೇಲೆ ಹಿಮವೂ ಬಂಡೆಯೂ ಜರಿದು ಹಳ್ಳಿಯೇ ಇಲ್ಲವಾಯಿತು. ಉಪಗ್ರಹಗಳಿಂದ ಸ್ಥಾನವನ್ನು ಅರಿಯುವ ಯಂತ್ರಗಳನ್ನು ಮೊದಲೇ ಬೆಟ್ಟಗಳಲ್ಲಿ ನೆಟ್ಟಿದ್ದರಿಂದ, ನೆಲ ಸರಿದುದನ್ನು ಕ್ಷಣಕ್ಷಣವೂ ಅಳೆಯಲು ಸಾಧ್ಯವಾಯಿತು. ಕಾಠಮಾಂಡುವಿನ ಸೀಮೆಯು ಐದಾರು ಅಡಿ ದಕ್ಷಿಣಕ್ಕೆ ಜಾರಿ, ಮೂರಡಿಯಷ್ಟು ಮೇಲೆದ್ದಿತು. ಅದರ ಉತ್ತರದ ಹಿಮಶಿಖರಗಳು ಮೇಲೇಳುವುದಕ್ಕೆ ಬದಲಾಗಿ ಸ್ವಲ್ಪ ತಗ್ಗಿದುವು. ಕಂಪಗಳಿಂದಲೇ ಬೆಟ್ಟ ಬೆಳೆಯುವುದೆಂದು ನಂಬಿದ್ದವರಿಗೆ ಇದು ಅಚ್ಚರಿಯಾಯಿತು. ಕಚ್ಚಿಕೊಂಡಿರುವ ಕಾಲದಲ್ಲಿ ಹಿಂದಿನ ಶಿಖರಗಳು ಮೇಲೇಳುವುವು, ಕಚ್ಚು ಬಿಟ್ಟಾಗ ಅವು ತುಸು ಇಳಿದು ಮುಂದಿನ ನೆಲ ಏಳುವುದು. ಬೆಟ್ಟದ ಬೆಳವಣಿಗೆಯೆಂಬುದು ಈ ಏರಿಳಿತಗಳ ಬಳಿಕ ಉಳಿಯುವ ಶಿಲ್ಕು.

ಕಾಠಮಾಂಡುವಿನದು ಹಳೆಯ ಕೆರೆಯ ತಳ. ಮಂಜುಶ್ರೀಯು ಖಡ್ಗದಿಂದ ಚೋಭಾರದ ಬೆಟ್ಟವನ್ನು ಸೀಳಿ ನೀರನ್ನು ಹರಿಯಬಿಟ್ಟನೆಂದು ಸ್ವಯಂಭೂಪುರಾಣದ ಕತೆ. ಅಲ್ಲಿ ಸರೋವರವಿದ್ದದ್ದು ನಿಜವೆಂದು ಮಣ್ಣು ಹೇಳುವುದು. ಆ ಮೆತ್ತನೆಯ ಮಣ್ಣು ಕಂಪದ ಅಲೆಗಳನ್ನು ಹಿಡಿದು, ನಾಲ್ಕೈದು ಸೆಕೆಂಡಿಗೊಮ್ಮೆ ತೂಗುವ ನಿಧಾನವಾದ ಉಯ್ಯಾಲೆಯಾಗಿ ಮಾರ್ಪಡಿಸಿತು. ಗಿಡ್ಡ ಮನೆಗಳು ಚುರುಕಾದ ಅಲುಗಾಟಕ್ಕೆ ಬೀಳುವುವು; ಎತ್ತರದವು ನಿಧಾನದ ತೂಗಾಟಕ್ಕೆ ಬೀಳುವುವು. ಆದಕಾರಣ ಪೇಟೆಯ ಸಾಮಾನ್ಯ ಮನೆಗಳಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಉಳಿದುವು. ಇನ್ನೂರಡಿ ಎತ್ತರದ ಧರಹರಾ ಗೋಪುರವು ಮಾತ್ರ ಒಳಗಿದ್ದವರೊಡನೆ ಮುರಿದುಬಿದ್ದಿತು. ೧೯೩೪ರಲ್ಲಿಯೂ ಅದು ಹಾಗೆಯೇ ಮುರಿದಿದ್ದಿತು. ೨೦೨೧ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿರುವರು.

ಆದರೆ ೨೦೧೫ರ ಸೀಳು ಬೆಟ್ಟದ ಬುಡದವರೆಗೆ ಬಂದು ನೆಲವನ್ನು ಒಡೆಯಲಿಲ್ಲ, ನಡುವೆಯೇ ನಿಂತಿತು. ಅದರಿಂದ ಮುಂಗಡೆಯ ಭಾಗದ ಸಾಲ ಹಾಗೆಯೇ ಉಳಿದಿದೆ. ಹಿಂದಿನ ಮಹಾಕಂಪಗಳು ನೆಲವನ್ನು ಒಡೆದಿದ್ದುವೇ ಎಂದು ತಿಳಿಯಲು ಶಾಸ್ತ್ರಜ್ಞರು ಸ್ತರಭಂಗಕ್ಕೆ ಅಡ್ಡಲಾಗಿ ಆಳವಾದ ಕಾಲುವೆಗಳನ್ನು ತೋಡುವರು. ಪಕ್ಕದ ಗೋಡೆಯಲ್ಲಿ ಮಣ್ಣಿನ ಪದರಗಳು ಎಲ್ಲಿ ಕಡಿದಿವೆ, ಕಡಿದ ಪದರವನ್ನು ಯಾವ ಪದರವು ಮುಚ್ಚಿದೆಯೆಂದು ನೋಡಿ, ಅವುಗಳಲ್ಲಿ ಸಿಕ್ಕ ಇದ್ದಿಲಿನ ಚೂರುಗಳ ವಯಸ್ಸನ್ನು ಗೊತ್ತುಮಾಡುವರು. ಪೂರ್ವ ನೇಪಾಳದಲ್ಲಿ ಹೀಗೆ ತೋಡಿ ೨೦೧೩ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಎರಡು ಒಡಕುಗಳು ಕಂಡುವು: ಒಂದು ೧೯೩೪ರದು, ಇನ್ನೊಂದು ೧೨೫೫ರದು. ಆ ೧೨೫೫ನೆಯ ವರ್ಷದಲ್ಲಿಯೇ ಭೂಕಂಪದಿಂದ ಅಭಯಮಲ್ಲನೆಂಬ ಅರಸನು ಮಡಿದನೆಂದೂ, ಕಾಠಮಾಂಡು ಕಣಿವೆಯ ಜನರಲ್ಲಿ ಮೂರರಲ್ಲೊಂದು ಪಾಲು ಅಳಿಯಿತೆಂದೂ ನೇಪಾಳದ ವಂಶಾವಳಿಗಳು ಹೇಳುವುವು. ತಾಳೆಗರಿಯಲ್ಲಿ ಬರೆದುದಕ್ಕೂ ಮಣ್ಣಿನಲ್ಲಿ ಬರೆದುದಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾಗುವುದು ಅಪೂರ್ವ.

ಈಗ ಶಾಸ್ತ್ರಜ್ಞರ ಕಳವಳವೆಲ್ಲ ೧೯೦೫ರ ಕಾಂಗಡೆಗೂ ಕಾಠಮಾಂಡುವಿಗೂ ನಡುವಣ ಭಾಗವನ್ನು ಕುರಿತು. ಎಂದರೆ ಗಢವಾಲ, ಕುಮಾವೂಂ, ಪಶ್ಚಿಮ ನೇಪಾಳಗಳನ್ನು ಕುರಿತು. ೧೫೦೫ರಲ್ಲಿ ಅಲ್ಲೊಂದು ಮಹಾಕಂಪವಾಗಿದ್ದಿತು. ೧೮೦೩ರ ಸೆಪ್ಟೆಂಬರ್ ೧ರಂದು ಇನ್ನೊಂದು. ಗಢವಾಲದ ರಾಜಧಾನಿಯಾಗಿದ್ದ ಶ್ರೀನಗರವು ಹಾಳಾಗಿ, ಬದರೀನಾಥನ ಗುಡಿಗೂ ಪೆಟ್ಟುಬಿದ್ದು, ದೂರದ ದೆಹಲಿಯಲ್ಲಿ ಕುತುಬ್‌ಮಿನಾರಿನ ತುದಿಯ ಮಂಟಪವು ಉರುಳಿತು. ಮಾರನೆಯ ವರ್ಷವೇ ಗೂರ್ಖರು ಬಂದು ಆ ರಾಜ್ಯವನ್ನು ಗೆದ್ದುಕೊಂಡರು. ಅಂದಿನಿಂದ ಈಚೆಗೆ ಆ ಭಾಗದಲ್ಲಿ ಅಷ್ಟು ದೊಡ್ಡದು ಯಾವುದೂ ಆಗಿಲ್ಲ. ೧೯೯೧ರ ಉತ್ತರಕಾಶಿಯ ಕಂಪ, ೧೯೯೯ರ ಚಮೋಲಿಯ ಕಂಪ, ಇವುಗಳಿಂದ ಬಿಗಿತ ಸಡಿಲಿತೆಂದು ಕೆಲವರು ಸಮಾಧಾನ ಹೇಳುವುದುಂಟು. ಇದು ಲೆಕ್ಕಕ್ಕೆ ನಿಲ್ಲದು. ಪ್ರಮಾಣದಲ್ಲಿ ಒಂದು ಹೆಚ್ಚಿದರೆ ಶಕ್ತಿಯು ಸುಮಾರು ಮೂವತ್ತೆರಡು ಪಟ್ಟು ಹೆಚ್ಚುವುದು. ಎಂಟರ ಕಂಪವೊಂದರ ಸಾಲವನ್ನು ತೀರಿಸಬೇಕಾದರೆ ಉತ್ತರಕಾಶಿಯ ೬.೮ರಂತಹ ಕಂಪಗಳು ಅರುವತ್ತಕ್ಕಿಂತ ಹೆಚ್ಚು ಬೇಕು. ಶೃಂಗೇರಿಯಂತೆಯೇ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದಾದ ಜೋಶಿಮಠವು ಇರುವುದು ಈ ಭಾಗದಲ್ಲಿಯೇ. ಊರು ಹಳೆಯ ಕುಸಿತದ ರಾಶಿಯ ಮೇಲೆ ನಿಂತಿದೆಯೆಂದು ಸರಕಾರದ ಸಮಿತಿಯೊಂದು ೧೯೭೬ರಲ್ಲಿಯೇ ಎಚ್ಚರಿಸಿದ್ದರೂ, ಕಟ್ಟಡಗಳು ಏರುತ್ತ ಹೋದುವು. ೨೦೨೩ರ ಜನವರಿಯಲ್ಲಿ, ಯಾವ ದೊಡ್ಡ ಕಂಪವೂ ಇಲ್ಲದೆಯೇ, ನೂರಾರು ಮನೆಗಳ ಗೋಡೆಗಳು ಬಿರಿದುವು.

ಮುಂದಿನ ಕಂಪ ಯಾವಾಗ? ಯಾವ ಪಂಡಿತನೂ ತಿಥಿವಾರಗಳನ್ನು ಹೇಳಲಾರನು. ಹೇಳುವೆನೆನ್ನುವವನನ್ನು ನಂಬಬೇಡಿರೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ. ಎಲ್ಲಿ, ಎಷ್ಟು ದೊಡ್ಡದು ಎಂಬೆರಡನ್ನು ಮಾತ್ರ ಊಹಿಸಬಹುದು. ನಮ್ಮ ತೆಂಕಣ ಗಟ್ಟಿನೆಲವು ಇಂತಹ ಭಯದಿಂದ ಬಹುಮಟ್ಟಿಗೆ ದೂರವಾಗಿದ್ದರೂ ತೀರ ಮುಕ್ತವಲ್ಲ. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಜನ ಮಲಗಿದ್ದಾಗ, ನಮ್ಮ ಗಡಿಯಾಚೆಯ ಕಿಲಾರಿಯಲ್ಲಿ ಆದ ಕಂಪವು ಹೆಚ್ಚು ಕಡಮೆ ಹತ್ತು ಸಾವಿರ ಜನರನ್ನು ಬಲಿತೆಗೆದುಕೊಂಡುದನ್ನು ಬೀದರ, ಕಲಬುರ್ಗಿಗಳ ಹಿರಿಯರು ಮರೆತಿರಲಾರರು. ಅಲ್ಲಿಯೂ ಕೊಂದದ್ದು ನೆಲವಲ್ಲ. ಮಣ್ಣಿನಲ್ಲಿ ಒಟ್ಟಿದ ದಪ್ಪ ಕಲ್ಲಿನ ಗೋಡೆ.

ಹಿಮಾಲಯದ ಹಳಬರು ಇದನ್ನು ಅರಿತಿದ್ದರು. ಹಿಮಾಚಲದ ಕಾಠಕುಣಿ ಎಂಬ ಮನೆಗಳಲ್ಲಿ ಒಂದು ವರಸೆ ದೇವದಾರುವಿನ ತೊಲೆ, ಒಂದು ವರಸೆ ಕಲ್ಲು, ಹೀಗೆ ಗಾರೆಯಿಲ್ಲದೆ ಪೇರಿಸುತ್ತ ಹೋಗಿ, ಮೂಲೆಗಳಲ್ಲಿ ತೊಲೆಗಳನ್ನು ಒಂದಕ್ಕೊಂದು ಕಚ್ಚಿಸುವರು. ನೆಲ ಅಲುಗಿದರೆ ಗೋಡೆ ತುಸು ಜಾರಿ, ಮತ್ತೆ ಕೂರುವುದು. ಕಾಶ್ಮೀರದ ಧಜ್ಜಿ ಎಂಬ ಗೋಡೆಯಲ್ಲಿ ಮರದ ಚೌಕಟ್ಟನ್ನು ಸಣ್ಣ ಸಣ್ಣ ಅಂಕಣಗಳಾಗಿ ಮಾಡಿ, ಒಳಗೆ ಇಟ್ಟಿಗೆಯನ್ನೋ ಕಲ್ಲನ್ನೋ ಮಣ್ಣಿನಲ್ಲಿ ತುಂಬುವರು. ಒಂದು ಅಂಕಣ ಬಿರಿದರೂ ಬಿರುಕು ಪಕ್ಕದ ಅಂಕಣಕ್ಕೆ ಹಬ್ಬದು. ೨೦೦೫ರಲ್ಲಿ ಹೊಸ ಕಟ್ಟಡಗಳು ಬಿದ್ದ ಊರುಗಳಲ್ಲಿ ಇಂತಹ ಹಳೆಯ ಗೋಡೆಗಳು ನಿಂತುದನ್ನು ಕಂಡು, ಪುನರ್ನಿರ್ಮಾಣದಲ್ಲಿ ಈ ಪದ್ಧತಿಗೆ ಮನ್ನಣೆ ಕೊಟ್ಟರು. ಅಸ್ಸಾಮಿನಲ್ಲಿಯೂ ೧೮೯೭ರ ತರುವಾಯ ಹಗುರಾದ ಮರದ ಚೌಕಟ್ಟು, ಜೊಂಡಿನ ತಡಿಕೆಯ ಗೋಡೆ, ತಗಡಿನ ಮಾಡುಗಳ ಮನೆಗಳು ರೂಢಿಗೆ ಬಂದುವು. ಇಟ್ಟಿಗೆಯ ಮನೆ ಕಟ್ಟುವವರು ತಳಪಾಯದ ಮೇಲೆ, ಬಾಗಿಲು ಕಿಟಕಿಗಳ ಮೇಲೆ, ಮಾಡಿನ ಕೆಳಗೆ, ಹೀಗೆ ಮೂರು ಕಡೆ ಕಬ್ಬಿಣದ ಸಲಾಕೆಯಿಟ್ಟ ಕಾಂಕ್ರೀಟಿನ ಪಟ್ಟಿಯನ್ನು ಸುತ್ತಲೂ ಕಟ್ಟಿಸಬೇಕೆಂದು ಇಂಜಿನಿಯರುಗಳು ಹೇಳುವರು. ಒಟ್ಟು ವೆಚ್ಚದಲ್ಲಿ ಇದು ದೊಡ್ಡ ಭಾಗವೇನಲ್ಲ.

ಉತ್ತರಾಖಂಡದಲ್ಲಿ ಈಗ ಇನ್ನೊಂದು ಏರ್ಪಾಡೂ ಇದೆ. ಕಂಪದ ಅಲೆಗಳಲ್ಲಿ ಮೊದಲು ಬರುವುದು ಬೇಗದ್ದು, ನಿರುಪದ್ರವಿ. ಕೆಡಹುವ ಅಲೆಯು ಸೆಕೆಂಡಿಗೆ ಎರಡು ಮೈಲಿಯ ಮೇಲೆ ಚಿಲ್ಲರೆ ವೇಗದಲ್ಲಿ ಹಿಂದಿನಿಂದ ಬರುವುದು. ಬೆಟ್ಟದಲ್ಲಿ ನೆಟ್ಟ ಯಂತ್ರಗಳು ಮೊದಲ ಅಲೆಯನ್ನು ಕಂಡೊಡನೆ, ಬೆಳಕಿನ ವೇಗದಲ್ಲಿ ಸುದ್ದಿಯು ಜನರ ಕೈಯಲ್ಲಿರುವ ದೂರವಾಣಿಗಳಿಗೆ ಮುಟ್ಟುವಂತೆ ರೂರ್ಕಿಯ ವಿದ್ಯಾಲಯದವರು ರೂಪಿಸಿದ ವ್ಯವಸ್ಥೆಯನ್ನು ೨೦೨೧ರಲ್ಲಿ ಬಳಕೆಗೆ ತಂದರು. ಚಮೋಲಿಯ ಬಳಿ ಕಂಪವಾದರೆ ಅಲ್ಲಿಯವರಿಗೆ ಇದರಿಂದ ಪ್ರಯೋಜನ ಕಡಮೆ. ಅಲ್ಲಿಂದ ನೂರೆಪ್ಪತ್ತು ಮೈಲಿ ದೂರದ ದೆಹಲಿಗಾದರೋ ಒಂದು ನಿಮಿಷದಷ್ಟು ಬಿಡುವು ಸಿಕ್ಕೀತು. ನೌಕರಿಗಾಗಿ ದೆಹಲಿಯಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳು ಇದನ್ನು ನೆನಪಿಡತಕ್ಕದ್ದು. ಆ ಒಂದು ನಿಮಿಷದಲ್ಲಿ ಒಲೆಯ ಗ್ಯಾಸನ್ನು ಆರಿಸಿ, ಮಕ್ಕಳನ್ನೂ ಮುದುಕರನ್ನೂ ಕಿಟಕಿಯ ಗಾಜಿನಿಂದಲೂ ಎತ್ತರದ ಕಪಾಟುಗಳಿಂದಲೂ ದೂರ ಕರೆದು, ಗಟ್ಟಿಯಾದ ಮೇಜಿನ ಕೆಳಗೆ ತಲೆಯನ್ನು ಮರೆಮಾಡಿ ಕೂರಿಸಬಹುದು. ನೆಲ ನಡುಗುತ್ತಿರುವಾಗ ಮೆಟ್ಟಿಲ ಮೇಲೆ ಓಡಬಾರದು. ನಡುಕ ನಿಂತ ಮೇಲೆ ಹೊರಗೆ ಬಂದವರು, ಒಡನೆಯೇ ಸಾಮಾನು ತರಲೆಂದು ಒಳಗೆ ಹೋಗದಿರುವುದು ಒಳ್ಳೆಯದು. ೨೦೧೫ರಲ್ಲಿ ಮೊದಲ ಕಂಪದಿಂದ ಸಡಿಲಾಗಿ ನಿಂತಿದ್ದ ಗೋಡೆಗಳಲ್ಲಿ ಅನೇಕವು ಹದಿನೇಳು ದಿನಗಳ ಮೇಲೆ, ಮೇ ೧೨ರ ಮರುಕಂಪಕ್ಕೆ ಬಿದ್ದುವು.